ಬರೆಯುವ ಹೊತ್ತು, ತಿದ್ದುವ ಕಾಟ

ಕೆ.ಆರ್. ಪುರದಲ್ಲಿ ಬೆಳಿಗ್ಗೆ ಮೆಟ್ರೊ ಹತ್ತಿದವರಿಗೆ ಕೂರಲು ಜಾಗ ಸಿಕ್ಕರೆ ಅದು ಯೋಗ. ಬಾಗಿಲ ಪಕ್ಕದ ಗಾಜಿಗೆ ಒರಗಿ ನಿಂತು ಫೋನಿನಲ್ಲಿ ಬರೆಯುವುದು ನನ್ನ ರೂಢಿ. ಬೆನ್ನಿಗಾನಹಳ್ಳಿ ದಾಟುವಷ್ಟರಲ್ಲಿ ನಿನ್ನೆ ನಿಲ್ಲಿಸಿದ ವಾಕ್ಯ ಓದಿ ಮುಗಿಸಿರುತ್ತೇನೆ. ಬೈಯಪ್ಪನಹಳ್ಳಿಯಲ್ಲಿ ಅದನ್ನು ಅಳಿಸಿರುತ್ತೇನೆ. ಇಂದಿರಾನಗರ, ಹಲಸೂರು, ಟ್ರಿನಿಟಿ ಕಳೆಯುವುದರೊಳಗೆ ಅದನ್ನೇ ಮೂರು ಬಗೆಯಲ್ಲಿ ಕಟ್ಟಿ ನೋಡಿ, ಎಂ.ಜಿ. ರಸ್ತೆ ಬಿಟ್ಟ ರೈಲು ಸುರಂಗಕ್ಕೆ ಇಳಿಯುವಾಗ, ಛೇ, ಮೊದಲಿದ್ದದ್ದೇ ವಾಸಿಯಿತ್ತಲ್ಲ ಅನ್ನಿಸುತ್ತದೆ. ಇಪ್ಪತ್ತು ನಿಮಿಷಕ್ಕೆ ಒಂದು ವಾಕ್ಯ, ಅದೂ ನಿನ್ನೆಯದೇ. 2023ರ ಅಕ್ಟೋಬರ್‌ವರೆಗೆ ಕೆ.ಆರ್. ಪುರ–ಬೈಯಪ್ಪನಹಳ್ಳಿ ನಡುವಿನ ಮೆಟ್ರೊ ಕೂಡಿರಲಿಲ್ಲ. ಬಸ್ಸಿನ ನೂಕಾಟದಲ್ಲಿ ಎಲ್ಲಿ ಬರೆಯೋದು ಎಂಬ ನೆಪವಾದರೂ ಇತ್ತು. ಈಗ ಅದೂ ಇಲ್ಲ.

ಕೆಲಸ, ಮನೆ, ಟ್ರಾಫಿಕ್ಕುಗಳ ನಡುವೆ ಬರೆಯಲು ಹೊತ್ತು ಸಿಗುವುದಿಲ್ಲ ಎಂಬುದು ಒಂದು ದೂರು. ಸಿಕ್ಕ ಹೊತ್ತನ್ನು ತಪ್ಪಿಲ್ಲದೆ ಬರೆಯಬೇಕೆಂಬ ಗೀಳು ನುಂಗುತ್ತದೆ ಎಂಬುದು ಇನ್ನೊಂದು. ಇವು ಎರಡು ಬೇರೆ ಬೇರೆ ಅಡ್ಡಿಗಳೋ, ಒಂದೇ ಅಡ್ಡಿಯ ಎರಡು ಹೆಸರೋ? ನಮ್ಮಲ್ಲೂ ಹೊರಗೂ ಇದಕ್ಕೆ ಬಂದಿರುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ.

ಮೊದಲು ತಪ್ಪಿನ ಪಟ್ಟಿ, ಆಮೇಲೆ ಕಾವ್ಯ

ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ, ಸುಮಾರು 850ರ 'ಕವಿರಾಜಮಾರ್ಗ', ಕಥೆಯಲ್ಲ, ಕಾವ್ಯವೂ ಅಲ್ಲ. ಹೇಗೆ ಬರೆಯಬೇಕು ಎಂದು ಹೇಳುವ ಪುಸ್ತಕ. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದೇ ದೋಷ–ಅದೋಷಗಳ ವಿಚಾರ. ಎಂದರೆ ಉಳಿದು ಬಂದಿರುವ ಲೆಕ್ಕದಲ್ಲಿ ನಮ್ಮ ಸಾಹಿತ್ಯ ತಪ್ಪು ಎಣಿಸುವುದರಿಂದ ಶುರುವಾಗುತ್ತದೆ. ಬರೆಯಲು ಕೂತಾಗಲೆಲ್ಲ ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸುವ ನಮ್ಮಂಥವರಿಗೆ ಇದು ಸಮಾಧಾನವೋ ಶಾಪವೋ ಗೊತ್ತಿಲ್ಲ.

ಅದಾಗಿ ನೂರು ವರ್ಷ ತುಂಬುವ ಮೊದಲೇ, 941ರ ಹೊತ್ತಿಗೆ, ಪಂಪ ಬೇರೆಯೇ ಮಾತಾಡುತ್ತಾನೆ. ಆದಿಪುರಾಣಕ್ಕೆ ಮೂರು ತಿಂಗಳು, ಭಾರತಕ್ಕೆ ಆರು ತಿಂಗಳು ಹಿಡಿಯಿತು ಎಂದು ತಾನೇ ಹೇಳಿಕೊಳ್ಳುತ್ತಾನೆ. ಹದಿನೈದನೆಯ ಶತಮಾನದ ಕುಮಾರವ್ಯಾಸ ಇನ್ನೂ ಮುಂದೆ ಹೋಗಿ, ತಾನು ಹಲಗೆಯ ಮೇಲೆ ಕರಡು ಮಾಡಿಕೊಂಡವನಲ್ಲ, ಇಟ್ಟ ಪದವನ್ನು ಅಳಿಸಿದವನಲ್ಲ ಎಂಬರ್ಥದ ಹೆಮ್ಮೆ ಕೊಚ್ಚುತ್ತಾನೆ. ಇದರ ಪಕ್ಕಕ್ಕೆ ಗದಗಿನ ವೀರನಾರಾಯಣ ದೇವಸ್ಥಾನದ ಐತಿಹ್ಯವನ್ನೂ ಇಟ್ಟುಕೊಳ್ಳಬೇಕು: ಕವಿ ಮಿಂದು ಒದ್ದೆ ಬಟ್ಟೆಯಲ್ಲೇ ಕಂಬಕ್ಕೆ ಒರಗಿ ಕೂರುತ್ತಿದ್ದನಂತೆ, ಬಟ್ಟೆ ಆರುವವರೆಗೆ ಪದ್ಯ ಹರಿಯುತ್ತಿತ್ತಂತೆ, ಆರಿದೊಡನೆ ನಿಲ್ಲುತ್ತಿತ್ತಂತೆ. ಭಕ್ತರು ಇದರಲ್ಲಿ ದೈವಕೃಪೆ ಕಾಣುತ್ತಾರೆ. ನನಗೆ ಕಾಣುವುದು ಗಡುವು. 1973ರಲ್ಲಿ ಅಮೆರಿಕದ ಬರವಣಿಗೆಯ ಮೇಷ್ಟರು ಪೀಟರ್ ಎಲ್ಬೊ ಹೊಸದೆಂಬಂತೆ ಹೇಳಿದ್ದೂ ಇದನ್ನೇ: ಹತ್ತು ನಿಮಿಷ ಕೈ ಎತ್ತದೆ, ತಿದ್ದದೆ ಬರೆಯಿರಿ, ಆಮೇಲೆ ನಿಲ್ಲಿಸಿ.

ಹನ್ನೆರಡನೆಯ ಶತಮಾನದ ವಚನಕಾರರದು ಮೂರನೆಯ ದಾರಿ. ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಸೌದೆ ಮಾರುವ ಮಾರಯ್ಯ, ಅಕ್ಕಿ ಆಯುವ ಲಕ್ಕಮ್ಮ. ಯಾರೂ ಬರೆಯುವುದಕ್ಕೆಂದು ಕಾಯಕ ಬಿಟ್ಟವರಲ್ಲ. ಬಿಡುವು ದೊಡ್ಡದಾಗಲಿಲ್ಲ, ಬಿಡುವಿಗೆ ತಕ್ಕಷ್ಟು ಪ್ರಕಾರವೇ ಚಿಕ್ಕದಾಯಿತು. ಈ ಇಡೀ ಚರ್ಚೆಯಲ್ಲಿ ಅತಿ ಕಡಿಮೆ ಗಮನ ಸಿಕ್ಕಿರುವ ಉತ್ತರ ಇದು ಎಂಬುದು ನನ್ನ ಅನಿಸಿಕೆ.

ತಪ್ಪಿನ ಭಯ ಮನುಷ್ಯನನ್ನು ಎಲ್ಲಿಯವರೆಗೆ ಒಯ್ಯಬಹುದು ಎನ್ನುವುದಕ್ಕೆ ಮುದ್ದಣ ಇದ್ದಾನೆ. ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ಅಂಗಸಾಧನೆ ಕಲಿಸುತ್ತಿದ್ದ, ಮುದ್ದಣನೆಂದೇ ಹೆಸರಾದ ನಂದಳಿಕೆ ಲಕ್ಷ್ಮೀನಾರಣಪ್ಪ ತಾವೇ ಬರೆದುದನ್ನು ಹಳೆಯ ಗ್ರಂಥವೊಂದು ಸಿಕ್ಕಿತೆಂಬಂತೆ ಮೈಸೂರಿನ 'ಕಾವ್ಯಮಂಜರಿ'ಗೆ ಕಳಿಸಿದರು. ಸತ್ತವರ ಕಾವ್ಯದಲ್ಲಿ ತಪ್ಪು ಹುಡುಕಿದರೂ ಯಾರೂ ನಗುವುದಿಲ್ಲವಲ್ಲ. 1901ರಲ್ಲಿ ಮೂವತ್ತೊಂದರ ವಯಸ್ಸಿಗೇ ತೀರಿಕೊಂಡರು. 'ರಾಮಾಶ್ವಮೇಧ' ಅವರದೇ ಎಂಬುದು ಊರಿಗೆಲ್ಲ ತಿಳಿದದ್ದು ಆಮೇಲೆ.

ದಂಡಿನ ಬಂಗಲೆಯ ಮಧ್ಯಾಹ್ನ

ಬೆಂಗಳೂರು ದಂಡಿನಲ್ಲಿ ಈ ಪ್ರಶ್ನೆಗೆ ಸಿಗುವ ಪ್ರಸಿದ್ಧ ಉದಾಹರಣೆ ಕನ್ನಡದವನದಲ್ಲ. 1896ರ ಅಕ್ಟೋಬರಿನಲ್ಲಿ ನಾಲ್ಕನೇ ಹುಸಾರ್ಸ್ ಕುದುರೆ ಪಡೆಯ ಜೊತೆ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್‌ಗೆ ಆಗ ಇಪ್ಪತ್ತೊಂದು. ಬೆಳಗಿನ ಜಾವ ಕವಾಯತು, ತಿಂಡಿ, ಲಾಯದ ಕೆಲಸ; ಹತ್ತೂವರೆಯ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು. ಸಂಜೆ ಐದಕ್ಕೆ ಪೋಲೊ. ನಡುವಿನ ಬಿಸಿಲ ಹೊತ್ತಿನಲ್ಲಿ ಉಳಿದ ಅಧಿಕಾರಿಗಳು ನಿದ್ದೆ ಮಾಡುತ್ತಿದ್ದರೆ, ಈತ ತಾಯಿ ಕಳಿಸಿದ ಗಿಬ್ಬನ್, ಮೆಕಾಲೆ ಸಂಪುಟಗಳನ್ನು ಓದಿದ. 'ಸವ್ರೋಲಾ' ಎಂಬ ಕಾದಂಬರಿ ಶುರು ಮಾಡಿದ. 1897ರಲ್ಲಿ ವಾಯವ್ಯ ಗಡಿಯ ಮಲಕಂಡ್ ಕಾಳಗ ನೋಡಿ ಹಿಂತಿರುಗಿದವನು ಕಾದಂಬರಿಯನ್ನು ಪಕ್ಕಕ್ಕಿಟ್ಟು ಆ ಕಾಳಗದ ಪುಸ್ತಕಕ್ಕೆ ಕೂತ.

ಆ ಪುಸ್ತಕದ ಹುಟ್ಟಿನ ಕಥೆಯನ್ನು ಚೊಕ್ಕತನದ ಗೀಳಿರುವವರೆಲ್ಲ ಒಮ್ಮೆ ಕೇಳಬೇಕು. ಇನ್ನೊಬ್ಬ ಅಧಿಕಾರಿಯೂ ಅದೇ ವಿಷಯದ ಮೇಲೆ ಬರೆಯುತ್ತಿದ್ದಾನೆಂಬ ಸುದ್ದಿ ಬಂದು, ಚರ್ಚಿಲ್ ಕೆಲವೇ ವಾರಗಳಲ್ಲಿ ಹಸ್ತಪ್ರತಿ ಮುಗಿಸಿ ವರ್ಷದ ಕೊನೆಗೆ ಲಂಡನ್ನಿಗೆ ಕಳಿಸಿಬಿಟ್ಟ. ಅಚ್ಚಿನ ಕರಡು ಇಲ್ಲಿಗೆ ಬಂದು ವಾಪಸು ಹೋಗುವಷ್ಟು ಸಮಯವಿಲ್ಲವೆಂದು ತಿದ್ದುವ ಕೆಲಸ ದೊಡ್ಡಪ್ಪನ ಪಾಲಿಗೆ ಬಂತು. 1898ರ ಮಾರ್ಚಿನಲ್ಲಿ ಹೊರಬಂದ ಪುಸ್ತಕದ ತುಂಬ ಅಚ್ಚಿನ ತಪ್ಪು. ಅದನ್ನು ಕಂಡ ಲೇಖಕ ನಾಚಿಕೆಯಿಂದ ಕುದಿದುಹೋದ. ಪುಸ್ತಕ ಮಾತ್ರ ಹೆಸರು ಮಾಡಿತು.

ಶಿಸ್ತಿನ ಪಾಠವಾಗಿ ಇದನ್ನು ಹೇಳುವವರು ಇನ್ನೊಂದು ಲೆಕ್ಕ ಬಿಟ್ಟುಬಿಡುತ್ತಾರೆ. ಮೂವರು ಅಧಿಕಾರಿಗಳಿದ್ದ ಆ ಬಂಗಲೆಯಲ್ಲಿ ಒಬ್ಬೊಬ್ಬನಿಗೂ ಬಟ್ಲರ್, ಬಟ್ಟೆ ತೊಡಿಸುವ ಹುಡುಗ, ಕುದುರೆಗೊಬ್ಬ ಸೈಸ್. ಎಲ್ಲರಿಗೂ ಸೇರಿ ತೋಟದ ಮಾಲಿಗಳು, ನೀರು ಹೊರುವ ಭಿಸ್ತಿಗಳು, ನಾಲ್ವರು ಧೋಬಿಗಳು, ಒಬ್ಬ ಕಾವಲುಗಾರ. ಚರ್ಚಿಲ್ ತನ್ನ ಆತ್ಮಕಥೆಯಲ್ಲಿ ಈ ಪಟ್ಟಿಯನ್ನು ಖುಷಿಯಿಂದಲೇ ಕೊಡುತ್ತಾನೆ. ಆ ಮಧ್ಯಾಹ್ನದ ಹೊತ್ತು ಬಂದದ್ದು ಇವರೆಲ್ಲರ ಮೈ ಬೆವರಿನಿಂದ. ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಆತನ ಹೆಸರಿನಲ್ಲಿ 13 ರೂಪಾಯಿ ಬಾಕಿ ಇರುವುದನ್ನು ಊರವರು ನಗುತ್ತ ಹೇಳುತ್ತಾರೆ. ಆ ಬೆವರಿನ ಬಾಕಿಯನ್ನು ಬರೆದಿಟ್ಟವರಿಲ್ಲ.

ಗಡಿಯಾರದವರು

ಹೊತ್ತು, ಗೀಳುಗಳ ಈ ಪ್ರಶ್ನೆಗೆ ಉತ್ತರ ಹೇಳುವವರಲ್ಲಿ ಮೊದಲ ಪಂಥ ಅಭ್ಯಾಸದ್ದು. ಕೂರು, ದಿನಾ ಕೂರು, ಅದೇ ಹೊತ್ತಿಗೆ ಕೂರು. ಇಂಗ್ಲೆಂಡಿನ ಅಂಚೆ ಇಲಾಖೆಯ ನೌಕರ ಆಂಥನಿ ಟ್ರೋಲಪ್ ಬೆಳಿಗ್ಗೆ ಐದೂವರೆಗೆ ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆದ. 47 ಕಾದಂಬರಿ ಆದವು. ನಮ್ಮ ಶಿವರಾಮ ಕಾರಂತರದೂ 47 ಎಂಬುದು ಕಾಕತಾಳೀಯ. ಆದರೆ ಕಾರಂತರು ಯಕ್ಷಗಾನ, ಮಕ್ಕಳಿಗೆ 'ಬಾಲಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ', ನಡುವೆ ಊರೂರು ತಿರುಗಾಟ ಎಲ್ಲ ಮಾಡಿಕೊಂಡು ಅಷ್ಟು ಬರೆದರು. ಅವರನ್ನು ಗಡಿಯಾರದ ಲೆಕ್ಕಕ್ಕೆ ಸೇರಿಸಲು ಧೈರ್ಯ ಸಾಲದು.

ಈ ಪಂಥಕ್ಕೆ ಶಾಸ್ತ್ರದ ಬೆಂಬಲ ಕೊಟ್ಟವರು ಮನಶ್ಶಾಸ್ತ್ರಜ್ಞರು. ವಿಲಿಯಂ ಜೇಮ್ಸ್ 1890ರಲ್ಲೇ, ಹೊಸ ಅಭ್ಯಾಸ ಬೇರೂರುವವರೆಗೆ ಒಂದು ದಿನವೂ ತಪ್ಪಬಾರದು ಎಂದಿದ್ದ. 1983ರಲ್ಲಿ ಅಮೆರಿಕದ ರಾಬರ್ಟ್ ಬಾಯ್ಸ್ 27 ಅಧ್ಯಾಪಕರನ್ನು ಮೂರು ಗುಂಪು ಮಾಡಿದ. ತೀರಾ ಅಗತ್ಯವಿಲ್ಲದೆ ಬರೆಯಬೇಡಿ ಎಂದು ಒಂದಕ್ಕೆ, ಮನಸ್ಸು ಬಂದಾಗ ಬರೆಯಿರಿ ಎಂದು ಇನ್ನೊಂದಕ್ಕೆ, ಗೊತ್ತಾದ ಹೊತ್ತಿಗೆ ಬರೆಯಲೇಬೇಕು ಎಂದು ಮೂರನೆಯದಕ್ಕೆ. ಬರೆಯದಿದ್ದರೆ ತಾವು ಕಂಡರಾಗದ ಸಂಸ್ಥೆಗೆ ತಮ್ಮ ಹಣವೇ ದೇಣಿಗೆ ಹೋಗಬೇಕು! ಹತ್ತು ವಾರದ ಕೊನೆಗೆ ಬಲವಂತದ ಗುಂಪಿನವರು ಹೆಚ್ಚು ಪುಟ ಬರೆದಿದ್ದರು. ಅದು ನಿರೀಕ್ಷಿತವೇ. ಅಚ್ಚರಿಯೆಂದರೆ ಹೊಸ ಹೊಳಹುಗಳೂ ಅವರಿಗೇ ಹೆಚ್ಚು ಬಂದಿದ್ದವು.

ಮುಂದಿನವರು ಇದರ ಬಿಗಿಯನ್ನು ಸಡಿಲಿಸಿದರು. ಲಂಡನ್ನಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರ ಅಭ್ಯಾಸಗಳನ್ನು ಹಿಂಬಾಲಿಸಿದಾಗ, ಒಂದು ರೂಢಿ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಹಿಡಿಯುವಂತೆ ಕಂಡಿತು. ಮಧ್ಯದ ಅಂಕಿ 66. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಅವರು ನೋಡಿದ್ದು ನೀರು ಕುಡಿಯುವ, ಹಣ್ಣು ತಿನ್ನುವ, ಓಡುವ ಅಭ್ಯಾಸಗಳನ್ನು, ಕಥೆ ಬರೆಯುವುದನ್ನಲ್ಲ. ಆದರೂ ಮಗುವಿಗೆ ಜ್ವರ ಬಂದು ಒಂದು ದಿನ ತಪ್ಪಿತೆಂದು ಇಡೀ ನೋಟ್‌ಬುಕ್ಕನ್ನೇ ಮೂಲೆಗೆಸೆಯುವವರಿಗೆ ಜೇಮ್ಸ್‌ಗಿಂತ ಲಾಲಿಯೇ ಒಳ್ಳೆಯ ಗುರು. ನ್ಯೂಜಿಲೆಂಡಿನ ಹೆಲನ್ ಸ್ವೋರ್ಡ್ ನೂರು ಮಂದಿ ಯಶಸ್ವಿ ಶೈಕ್ಷಣಿಕ ಲೇಖಕರನ್ನು ಮಾತಾಡಿಸಿದಾಗ ದಿನಾ ಬರೆಯುವವರು ಅಲ್ಪಸಂಖ್ಯಾತರೇ ಆಗಿದ್ದರು.

ಕಾಫಿ ತಂದುಕೊಟ್ಟವರು ಯಾರು

ಟ್ರೋಲಪ್‌ನನ್ನು ಕಾಫಿ ಕೊಟ್ಟು ಎಬ್ಬಿಸಲು ಒಬ್ಬ ಮುದಿ ಸೇವಕನಿದ್ದ. ಅದಕ್ಕೆಂದೇ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ. ಎರಡನೆಯ ಪಂಥ ಇಲ್ಲಿಂದ ಶುರುವಾಗುತ್ತದೆ. ಶಿಸ್ತಿನ ಮಾತು ಆಮೇಲೆ, ಹೊತ್ತು ಯಾರ ಕೈಯಲ್ಲಿದೆ ಹೇಳಿ ಎನ್ನುತ್ತದೆ. ವರ್ಜೀನಿಯಾ ವುಲ್ಫ್ 1929ರಲ್ಲಿ ಹೆಂಗಸು ಬರೆಯಬೇಕಾದರೆ ಒಂದು ಕೋಣೆ, ವರ್ಷಕ್ಕೆ 500 ಪೌಂಡು ಬೇಕು ಎಂದದ್ದು ಈ ಪಂಥದ ತಾಯಿಬೇರು.

ಕನ್ನಡದಲ್ಲಿ ನೌಕರಿಯ ನಡುವೆ ಬರೆದ ಗಂಡಸರ ಪಟ್ಟಿ ಉದ್ದ. ಮಾಸ್ತಿ ಮೈಸೂರು ಸರ್ಕಾರದ ದೊಡ್ಡ ಅಧಿಕಾರಿ, ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯ ಗುಮಾಸ್ತರು, ಯಶವಂತ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ. ಇವರ ಮನೆಗಳಲ್ಲಿ ಒಲೆಯ ಮುಂದೆ ಯಾರಿದ್ದರು ಎಂಬುದು ಸಾಹಿತ್ಯ ಚರಿತ್ರೆಯಲ್ಲಿ ಬರುವುದಿಲ್ಲ. ಒಲೆಯ ಮುಂದಿದ್ದವರೇ ಬರೆದಾಗ ಲೆಕ್ಕ ಬೇರೆಯಾಗುತ್ತದೆ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. ನಲವತ್ತಾರು ವರ್ಷ ಅವರು ಸೋಮಾರಿಯಾಗಿ ಕೂತಿದ್ದರೆಂದು ಯಾವ ಅಭ್ಯಾಸಶಾಸ್ತ್ರಿಯೂ ಹೇಳಲಾರ. ತ್ರಿವೇಣಿಯವರದು ಇದಕ್ಕೆ ತದ್ವಿರುದ್ಧ. ಹತ್ತು ವರ್ಷದ ಆಸುಪಾಸಿನಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದು, 1963ರಲ್ಲೇ, ಹೆರಿಗೆಯಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟುವ ಹೊತ್ತಿಗೆ, ಹೆಂಗಸರ ಬರವಣಿಗೆಯನ್ನು 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿಯುವುದು ಮಾಮೂಲಾಗಿತ್ತು. ಹೊತ್ತು ಸಿಗದ ಜಾಗದ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದರು.

ನಗರದ ಪೂರ್ವ ಭಾಗಕ್ಕೆ ಹೊತ್ತಿನ ಇನ್ನೊಂದು ಅಳತೆಯೂ ಗೊತ್ತು: ಶಿಫ್ಟು. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ದೂರವಾಣಿನಗರದ ಐ.ಟಿ.ಐ., ಆಮೇಲೆ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಈ ಕಡೆಯ ಮನೆಗಳು ಎದ್ದದ್ದು, ಉಂಡದ್ದು, ಮಲಗಿದ್ದು ಸೈರನ್ನಿನ ಪ್ರಕಾರ. ಇಂಥ ಕಾರ್ಖಾನೆಗಳ ಕನ್ನಡ ಸಂಘಗಳು ನಾಟಕ ಆಡಿಸಿದವು, ರಾಜ್ಯೋತ್ಸವಕ್ಕೆ ಸಂಚಿಕೆ ತಂದವು. ನಮ್ಮ ಬೀದಿಯ ನಿವೃತ್ತ ನೌಕರರೊಬ್ಬರು ಒಮ್ಮೆ ತಮ್ಮ ಕವಿತೆಗಳ ಕಟ್ಟು ಬಿಚ್ಚಿ ತೋರಿಸಿದರು. ಹಾಳೆಯ ಒಂದು ಮಗ್ಗುಲಲ್ಲಿ ಉತ್ಪಾದನೆಯ ಲೆಕ್ಕದ ಅಚ್ಚಾದ ಕೋಷ್ಟಕ, ಹಿಂದುಗಡೆ ಪದ್ಯ, ಕೆಳಗೆ ದಿನಾಂಕದ ಪಕ್ಕದಲ್ಲಿ 'ಸೆಕೆಂಡ್ ಶಿಫ್ಟ್' ಎಂದು ಗುರುತು. "ನೈಟ್ ಶಿಫ್ಟಲ್ಲಿ ಬರೆದದ್ದು ಯಾವುದೂ ಚೆನ್ನಾಗಿಲ್ಲ ಸಾರ್, ನಿದ್ದೆಗಣ್ಣು" ಎಂದರು. ಓದಿ ನೋಡಿದೆ. ಚೆನ್ನಾಗಿದ್ದವು ಅವೇ.

ಚೊಕ್ಕ ಎಂದರೆ ಶುದ್ಧವೇ?

ಮೂರನೆಯ ಪಂಥ ಅಡ್ಡಿಯನ್ನು ಮನಸ್ಸಿನೊಳಗೆ ಹುಡುಕುತ್ತದೆ. 'ರೈಟರ್ಸ್ ಬ್ಲಾಕ್' ಎಂಬ ಮಾತನ್ನು 1940ರ ದಶಕದಲ್ಲಿ ಚಲಾವಣೆಗೆ ತಂದ ಎಡ್ಮಂಡ್ ಬರ್ಗ್ಲರ್ ಅದನ್ನು ಎಳವೆಯ ಗಾಯಕ್ಕೆ ಕಟ್ಟಿದ. ಈಗ ಆ ವಿವರಣೆಯನ್ನು ಒಪ್ಪುವವರು ಕಡಿಮೆ. ಹೆಚ್ಚು ಬಾಳಿಕೆ ಬಂದದ್ದು ಪಾಲ್ ಹ್ಯೂವಿಟ್, ಗಾರ್ಡನ್ ಫ್ಲೆಟ್ ಎಂಬ ಕೆನಡಾದ ಇಬ್ಬರು 1991ರಲ್ಲಿ ಮಾಡಿದ ವಿಂಗಡಣೆ. ನಾನು ತಪ್ಪು ಮಾಡಬಾರದು ಎಂಬುದು ಒಂದು ಬಗೆ. ನೀನು ತಪ್ಪು ಮಾಡಬಾರದು ಎಂಬುದು ಎರಡನೆಯದು. ನಾನು ತಪ್ಪು ಮಾಡುವುದನ್ನೇ ಅವರೆಲ್ಲ ಕಾಯುತ್ತಿದ್ದಾರೆ ಎಂಬುದು ಮೂರನೆಯದು. ಹೆಚ್ಚು ಹಾನಿ ಮಾಡುವುದು ಈ ಮೂರನೆಯದು ಎನ್ನುತ್ತಾರೆ.

ಕಂಟೋನ್ಮೆಂಟಿನ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಿವಾಜಿನಗರದಲ್ಲಿ ದಖ್ಖನಿ, ಹಲಸೂರಿನಲ್ಲಿ ತಮಿಳು, ಕೆ.ಆರ್. ಪುರದ ಕಡೆ ತೆಲುಗು ಬೆರೆತ ಕನ್ನಡ. ಇಲ್ಲಿ ಬೆಳೆದವರಿಗೆ ಬರಹದ ಕನ್ನಡ ಶಾಲೆಯಲ್ಲಿ ಸಿಕ್ಕಿದ್ದು, ನಾಲಿಗೆಯಲ್ಲಿ ಹುಟ್ಟಿದ್ದಲ್ಲ. ಎಷ್ಟೋ ವರ್ಷದ ಹಿಂದೆ ಒಂದು ಸಭೆಯಲ್ಲಿ ನಾನು ಓದಿದ ಕಥೆಯ ಹಾಳೆ ಇಸಿದುಕೊಂಡ ಹಿರಿಯರೊಬ್ಬರು ಕಥೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಪೆನ್ನು ತೆಗೆದು ಎರಡು 'ದ'ಗಳ ಕೆಳಗೆ ಸೀಳು ಹಾಕಿ, ಒಂದು 'ಅ'ಕಾರವನ್ನು 'ಹ'ಕಾರ ಮಾಡಿ ವಾಪಸು ಕೊಟ್ಟರು. ತಿದ್ದಿದ್ದು ಮೂರೂ ಸರಿಯೇ. ಅದಾದ ಮೇಲೆ ಎರಡು ವರ್ಷ ನಾನು ಯಾರಿಗೂ ಏನನ್ನೂ ತೋರಿಸಲಿಲ್ಲ. ನಮ್ಮಲ್ಲಿ ಪರ್ಫೆಕ್ಷನ್ ಎಂಬುದಕ್ಕೆ ಬಹಳ ಸಲ 'ಶುದ್ಧ' ಎಂದೇ ಹೆಸರು, ಮತ್ತು ಆ ಮಾತಿಗೆ ಜಾತಿಯ, ಮಡಿಯ ವಾಸನೆ ಅಂಟಿಕೊಂಡಿದೆ. ಹೊರಗಿನ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಮಹಾಪ್ರಾಣಗಳು ಕನ್ನಡಿಗರ ಉಲಿಯಲ್ಲಿ ಇಲ್ಲ, ಬರಹದಲ್ಲೂ ಬಿಡೋಣ ಎಂಬ ಡಿ.ಎನ್. ಶಂಕರ ಭಟ್ಟರ ವಾದವನ್ನು ಭಾಷಾಶಾಸ್ತ್ರದ ತಕರಾರೆಂದು ಮಾತ್ರ ನೋಡುತ್ತೇವೆ. ಬರೆಯಲು ಹೆದರುವವರ ಕಡೆಯಿಂದಲೂ ಅದನ್ನು ಓದಬಹುದು.

ಹಾಗೆಂದು ತಿದ್ದುವವರನ್ನೆಲ್ಲ ರೋಗಿಗಳ ಸಾಲಿಗೆ ಸೇರಿಸುವುದು ಅನ್ಯಾಯ. ದೇವನೂರ ಮಹಾದೇವರ ಕಥೆ–ಕಾದಂಬರಿಗಳೆಲ್ಲ ಸೇರಿ ಇನ್ನೂರು ಪುಟದ ಆಸುಪಾಸು. 1984ರ 'ಕುಸುಮಬಾಲೆ' ನಂಜನಗೂಡು ಸೀಮೆಯ ಆಡುಮಾತಿನಲ್ಲೇ ನಿಂತಿತು, ಶುದ್ಧದವರ ಲೆಕ್ಕಕ್ಕೆ ಸಿಗದೆ. ಕುವೆಂಪು 'ಶ್ರೀರಾಮಾಯಣ ದರ್ಶನಂ'ಗೆ ಒಂಬತ್ತು ವರ್ಷದಷ್ಟು ಕೂತರು. ಈ ಬೆಂಗಳೂರಿನಿಂದಲೇ ಮಹಮೂದ್ ಅಯಾಜ್ ತರುತ್ತಿದ್ದ ಉರ್ದು ಪತ್ರಿಕೆ 'ಸೌಗಾತ್' ನಿಂತು ನಿಂತು, ವರ್ಷಗಟ್ಟಲೆ ಮರೆಯಾಗಿ ಮತ್ತೆ ಬಂತು, ಉರ್ದು ಸಾಹಿತ್ಯದಲ್ಲಿ ಅದರ ತೂಕ ಕಮ್ಮಿಯಾಗಲಿಲ್ಲ.

ಹಲಸೂರು ಕೆರೆಯ ದಂಡೆಯಲ್ಲಿ ಹಾದುಹೋಗುವಾಗಲೆಲ್ಲ ನನಗೊಂದು ಸಂಬಂಧವಿಲ್ಲದ ಯೋಚನೆ ಬರುತ್ತದೆ. ಅಲ್ಲಿನ ತಿರುವಳ್ಳುವರ್ ಪ್ರತಿಮೆ 1991ರಲ್ಲಿ ಸಿದ್ಧವಾದರೂ ಮುಸುಕು ತೆಗೆದದ್ದು 2009ರ ಆಗಸ್ಟಿನಲ್ಲಿ. ಕಾರಣ ಎರಡು ರಾಜ್ಯಗಳ ಜಗಳ, ಶಿಲ್ಪಿಯ ಅತೃಪ್ತಿಯಲ್ಲ. ಆದರೂ ಮುಗಿದ ಕೃತಿಯೊಂದು ಹದಿನೆಂಟು ವರ್ಷ ಬಟ್ಟೆ ಸುತ್ತಿಕೊಂಡು ನಿಂತದ್ದು ನೆನೆದರೆ, ಮೇಜಿನ ಡ್ರಾಯರಿನೊಳಗೆ ಇರುವ ಎಷ್ಟೋ ಹಸ್ತಪ್ರತಿಗಳು ಕಣ್ಣಮುಂದೆ ಬರುತ್ತವೆ. ಅದಕ್ಕೆ ಪ್ರತಿಯಾಗಿ ಚೆನ್ನೈನಲ್ಲಿ ನಿಂತದ್ದು ಸರ್ವಜ್ಞ. ಎರಡು ಸಾಲಿನವನಿಗೆ ಮೂರು ಸಾಲಿನವನು.

ಕಾಯುವವರಿದ್ದರೆ

ನಾಲ್ಕನೆಯದನ್ನು ಪಂಥ ಎನ್ನುವುದಕ್ಕಿಂತ ಪತ್ರಿಕಾ ಕಚೇರಿಯ ಅನುಭವ ಎನ್ನಬೇಕು: ಬರೆಸುವುದು ಶಿಸ್ತೂ ಅಲ್ಲ, ಬಿಡುವೂ ಅಲ್ಲ, ಇನ್ನೊಂದು ತುದಿಯಲ್ಲಿ ಕಾಯುತ್ತಿರುವವರು. ಬ್ರಿಟಿಷರ ದಂಡಿನ ಮೆರವಣಿಗೆ ರಸ್ತೆಯಾಗಿದ್ದ ಇಂದಿನ ಎಂ.ಜಿ. ರಸ್ತೆಯಲ್ಲಿ 1948ರಿಂದ 'ಪ್ರಜಾವಾಣಿ' ಇದೆ. ಅದರ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯ ಕೊನೆಯ ದಿನಾಂಕ ತಲೆಮಾರುಗಳ ಕನ್ನಡ ಕಥೆಗಾರರಿಗೆ ವರ್ಷದ ಏಕೈಕ ಗಡುವಾಗಿತ್ತು. ಇಡೀ ವರ್ಷ ಬರೆಯದವರು ಕೊನೆಯ ವಾರ ನಿದ್ದೆಗೆಟ್ಟು ಬರೆದು, ಲಕೋಟೆಯನ್ನು ಅಂಚೆಗೆ ನಂಬದೆ ಕೈಯಾರೆ ತಲುಪಿಸಿ ಬರುತ್ತಿದ್ದರು. ವಾರಪತ್ರಿಕೆಗಳ ಧಾರಾವಾಹಿಗಳೂ ಹೀಗೇ.

ಇದರ ತುತ್ತತುದಿ ಪಿ. ಲಂಕೇಶ್. 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ಒಬ್ಬ ಒಳ್ಳೆಯ ಕಥೆಗಾರ ಹಾಳಾದ ಎಂದವರಿದ್ದರು. 2000ದ ಜನವರಿಯಲ್ಲಿ ತೀರಿಕೊಳ್ಳುವವರೆಗೆ ವಾರವಾರವೂ ಬರೆದರು. 'ಟೀಕೆ ಟಿಪ್ಪಣಿ'ಯ ಗದ್ಯ, ನೀಲುವಿನ ಪುಟ್ಟ ಪದ್ಯಗಳು ಹುಟ್ಟಿದ್ದು ಆ ಒತ್ತಡದಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಕಲ್ಲು ಕರಗುವ ಸಮಯ'ದ ಕಥೆಗಳೂ ಪತ್ರಿಕೆಯ ಕಾಲದವೇ. ನೀಲು ಪದ್ಯಗಳನ್ನು ವಚನದ ಗಾತ್ರದ ಪಕ್ಕ ಇಟ್ಟರೆ ನಾನು ಮೊದಲು ಹೇಳಿದ ಮಾತು ಮತ್ತೆ ಎದುರಾಗುತ್ತದೆ. ಹೊತ್ತು ಕಿರಿದಾದಾಗ ಬರವಣಿಗೆ ನಿಲ್ಲಬೇಕಾಗಿಲ್ಲ, ಅದರ ಆಕಾರ ಬದಲಾಗಬಹುದು. ಆದರೆ ಆ ಕಿರಿದಾದ ಆಕಾರಕ್ಕೂ ಕಾದು ಕೂತ ಓದುಗ ಬೇಕು. ವಚನಕಾರರಿಗೆ ಅನುಭವ ಮಂಟಪವಿತ್ತು, ಲಂಕೇಶರಿಗೆ ವಾರದ ಮಾರುಕಟ್ಟೆ.

ಬಗೆಹರಿಯದೆ ಉಳಿದವು

ಗಡಿಯಾರದವರ ಪ್ರಯೋಗಗಳೆಲ್ಲ ಹೆಚ್ಚಾಗಿ ಪುಟ ಎಣಿಸಿದವು. ಬಾಯ್ಸ್‌ನ ಅಧ್ಯಾಪಕರು ಬರೆದದ್ದು ಸಂಶೋಧನಾ ಲೇಖನಗಳನ್ನು. ದಿನಾ ಕೂತರೆ ಒಳ್ಳೆಯ ಕಥೆ ಬರುತ್ತದೆಯೇ, ಬರೀ ಹೆಚ್ಚು ಕಥೆ ಬರುತ್ತವೆಯೇ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಹೊತ್ತಿನವರಿಗೆ ಎದುರಾಗುವ ಪ್ರಶ್ನೆ ಬೇರೆ: ಕೋಣೆ, ಪಿಂಚಣಿ, ಮಕ್ಕಳು ವಿದೇಶದಲ್ಲಿ, ಎಲ್ಲ ಇದ್ದೂ ಒಂದು ಸಾಲು ಬರೆಯಲಾಗದವರು ಇಂದಿರಾನಗರದ ಪ್ರತಿ ಅಡ್ಡರಸ್ತೆಯಲ್ಲೂ ಸಿಗುತ್ತಾರೆ. ಕಿರಿದಾದ ಪ್ರಕಾರದ ಮೇಲೆ ನಾನು ಇಟ್ಟಿರುವ ನಂಬಿಕೆಗೂ ಒಂದು ಬಿರುಕಿದೆ. 'ಶಿಕಾರಿ', 'ಮಲೆಗಳಲ್ಲಿ ಮದುಮಗಳು' ಇಪ್ಪತ್ತು ನಿಮಿಷದ ತುಂಡುಗಳಲ್ಲಿ ಹುಟ್ಟುತ್ತಿದ್ದವೇ? ಫೋನಿಗೆ ಒಗ್ಗಿದ ಕನ್ನಡ ಮುಂದೆ ಅಷ್ಟು ಉದ್ದದ ಉಸಿರು ಹಿಡಿದೀತೇ?

ಫೋನು ಇನ್ನೊಂದು ಕೆಲಸ ಮಾಡಿದೆ. ಕಾಗದದ ಮೇಲೆ ಹೊಡೆದುಹಾಕಿದ ಸಾಲು ಗೀಟಿನ ಕೆಳಗೆ ಉಳಿಯುತ್ತಿತ್ತು, ಎಷ್ಟೋ ಸಲ ಹಿಂತಿರುಗಿ ಬರುತ್ತಿತ್ತು. ಫೋನು ಕುಮಾರವ್ಯಾಸ ಬೇಡವೆಂದ ಹಲಗೆಯಂತೆ, ಒರೆಸಿದರೆ ಗುರುತಿಗೆ ಒಂದು ಗೆರೆಯೂ ಇಲ್ಲ. ಇವತ್ತು ಬೆಳಿಗ್ಗೆ ಬೈಯಪ್ಪನಹಳ್ಳಿಯಿಂದ ಟ್ರಿನಿಟಿವರೆಗೆ ನಾನು ಕಟ್ಟಿ ಕೆಡವಿದ ಮೂರು ವಾಕ್ಯಗಳನ್ನು ಬರೆದದ್ದೆಂದು ಎಣಿಸಬೇಕೋ, ಬರೆಯದೆ ಕಳೆದ ಹೊತ್ತೆಂದೋ? ಬಾಯ್ಸ್‌ನ ಲೆಕ್ಕದಲ್ಲಿ ಅದು ಸೊನ್ನೆ. ದೇವನೂರರನ್ನು ಕೇಳಿದರೆ ಬೇರೆ ಲೆಕ್ಕ ಹೇಳಿಯಾರು.